ಬ್ರಿಸ್ಟಲ್‌ನ ಹತ್ತು ನಿಮಿಷ

(ನಮ್ಮ ಊರಿನ ಗ್ರಂಥಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಹಿರಿಯರೊಬ್ಬರು ಹೇಳಿದ್ದನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ ತುಂಬಾ ದೊಡ್ಡದು. ಆಧುನಿಕ ಪಶ್ಚಿಮದಲ್ಲಿ ತಂತ್ರಜ್ಞಾನ ಬದಲಾದಾಗ ಜನರ ಬದುಕು ಹೇಗೆ ಬದಲಾಯಿತು ಅಂತ. ಉಗಿಯಂತ್ರ, ವಿದ್ಯುತ್ತು, ಟೆಲಿಫೋನು, ಕಂಪ್ಯೂಟರು ಎಂದು ಸುಮ್ನೆ ಪಟ್ಟಿ ಓದುತ್ತಾ ಹೋದರೆ ಯಾವುದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಅದಕ್ಕೇ ಒಂದೇ ಒಂದು ಸಂಗತಿ ಹಿಡಿದುಕೊಂಡು ಬಂದಿದ್ದೇನೆ. ಈಗ ಗಂಟೆ ಎಷ್ಟು ಅಂತ ಹೇಳುವ ಅಧಿಕಾರ ಯಾರದು? ಇದೊಂದು ಪ್ರಶ್ನೆಗೆ ಇಂಗ್ಲೆಂಡಿನ ಜನ ಸುಮಾರು 40 ವರ್ಷ ಜಗ್ಗಾಡಿದರು. ಅದರ ಕಥೆ ಇವತ್ತಿನದು.

ನಮ್ಮ ಹಳ್ಳಿಗಳಲ್ಲಿ ಸೂರ್ಯನಿಗೂ ಹೊತ್ತು ಅನ್ನುತ್ತಾರೆ, ಸಮಯಕ್ಕೂ ಹೊತ್ತು ಅನ್ನುತ್ತಾರೆ. ಹೊತ್ತು ಹುಟ್ಟಿತು, ಹೊತ್ತು ನೆತ್ತಿಗೆ ಬಂತು, ಹೊತ್ತು ಮುಳುಗಿತು. ಎರಡಕ್ಕೂ ಒಂದೇ ಮಾತು, ಯಾಕಂದರೆ ಎರಡೂ ಒಂದೇ ಆಗಿತ್ತು. ನಮ್ಮಜ್ಜಿ ಗಡಿಯಾರ ನೋಡಿದ್ದನ್ನು ನಾನು ಕಂಡಿಲ್ಲ. ಜಗಲಿಯ ಬಿಸಿಲು ಮೂರನೇ ಕಂಬಕ್ಕೆ ಬಂತು ಅಂದರೆ ಎಮ್ಮೆ ಕರೆಯುವ ಹೊತ್ತು, ಅಷ್ಟೇ. ಆ ಲೆಕ್ಕ ನಮ್ಮ ಮನೆಗೆ ಸರಿ. ಪಕ್ಕದ ಜಿಲ್ಲೆಯ ಯಾವುದೋ ಮನೆಯ ಕಂಬಕ್ಕೂ ಅದಕ್ಕೂ ತಾಳೆ ಆಗಬೇಕಾದ ಅಗತ್ಯವೇ ಇರಲಿಲ್ಲ.

ಇನ್ನೂರು ವರ್ಷದ ಹಿಂದೆ ಇಂಗ್ಲೆಂಡ್ ಕೂಡ ಹೀಗೇ ಇತ್ತು. ಅವರಲ್ಲಿ ಗಡಿಯಾರ ಇತ್ತು, ನಿಜ. ಆದರೆ ಪ್ರತಿ ಊರೂ ತನ್ನ ನೆತ್ತಿಯ ಸೂರ್ಯನಿಗೆ ತಕ್ಕಂತೆ ತನ್ನ ಗಡಿಯಾರವನ್ನು ಹೊಂದಿಸಿಕೊಳ್ಳುತ್ತಿತ್ತು. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹಾಗಾಗಿ ಪಶ್ಚಿಮಕ್ಕೆ ಹೋದಷ್ಟೂ ಮಧ್ಯಾಹ್ನ ತಡ. ನಮಗೆ ಗೊತ್ತಿರುವ ಊರುಗಳನ್ನೇ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬಂದ ಸುಮಾರು 11 ನಿಮಿಷದ ಮೇಲೆ ಮಂಗಳೂರಿನಲ್ಲಿ ನೆತ್ತಿಗೆ ಬರುತ್ತದೆ. ಲಂಡನ್ನಿಗೂ ಬ್ರಿಸ್ಟಲ್ಲಿಗೂ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ, 10 ನಿಮಿಷ. ಆಕ್ಸ್‌ಫರ್ಡ್ ಲಂಡನ್ನಿಗಿಂತ 5 ನಿಮಿಷ ಹಿಂದೆ. ಎಕ್ಸೆಟರ್ 14 ನಿಮಿಷ ಹಿಂದೆ.

ಇದರಿಂದ ಯಾರಿಗೂ ತೊಂದರೆ ಆಗುತ್ತಿರಲಿಲ್ಲ. ಕುದುರೆ ಗಾಡಿಯಲ್ಲಿ ಹೊರಟವನಿಗೆ ಹತ್ತು ನಿಮಿಷ ಯಾವ ಲೆಕ್ಕ? ಟಪಾಲು ಗಾಡಿಯವರು ಮಾತ್ರ ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕಿತ್ತು. ಅವರು ಮಾಡಿಕೊಂಡಿದ್ದ ಉಪಾಯ ನನಗೆ ತುಂಬಾ ಇಷ್ಟ. ಗಾಡಿಯ ಗಾರ್ಡ್ ಹತ್ತಿರ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಒಂದು ಗಡಿಯಾರ ಇರುತ್ತಿತ್ತು. ಗಾಡಿ ಪಶ್ಚಿಮಕ್ಕೆ ಹೊರಟರೆ ಆ ಗಡಿಯಾರ ಬೇಕೆಂದೇ ಸ್ವಲ್ಪ ನಿಧಾನ ಓಡುವಂತೆ, ಪೂರ್ವಕ್ಕೆ ಹೊರಟರೆ ಸ್ವಲ್ಪ ಜೋರಾಗಿ ಓಡುವಂತೆ ಹೊಂದಿಸಿ ಕಳಿಸುತ್ತಿದ್ದರು. ಊರು ತಲುಪುವಾಗ ಗಡಿಯಾರವೂ ಆ ಊರಿನ ಹೊತ್ತಿಗೆ ಬಂದಿರುತ್ತಿತ್ತು. ಅಂದರೆ ಊರಿನ ಹೊತ್ತಿಗೆ ತಕ್ಕಂತೆ ಯಂತ್ರ ಬಾಗುತ್ತಿತ್ತು.

ರೈಲು ಬಂದ ಮೇಲೆ ಇದು ತಿರುವುಮುರುವಾಯಿತು. ಲಂಡನ್ನಿನಿಂದ ಬ್ರಿಸ್ಟಲ್ಲಿಗೆ ಪೂರ್ತಿ ದಾರಿ ತೆರೆದದ್ದು 1841ರ ಜೂನ್ 30ರಂದು. ಅದಕ್ಕೂ ಮೊದಲೇ, 1840ರ ನವೆಂಬರಿನಲ್ಲಿ, ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿ ತನ್ನ ಎಲ್ಲ ಸ್ಟೇಷನ್ನುಗಳಲ್ಲೂ ಲಂಡನ್ ಟೈಮನ್ನೇ ಇಡುವುದಾಗಿ ನಿರ್ಧರಿಸಿತು. ಸರ್ಕಾರ ಹೇಳಿದ್ದಲ್ಲ, ಪಾರ್ಲಿಮೆಂಟು ಕಾನೂನು ಮಾಡಿದ್ದೂ ಅಲ್ಲ. ಒಂದು ಕಂಪನಿ ತನ್ನ ವೇಳಾಪಟ್ಟಿಗಾಗಿ ಮಾಡಿಕೊಂಡ ಏರ್ಪಾಡು. ಉಳಿದ ಕಂಪನಿಗಳು ಒಂದೊಂದಾಗಿ ಹಿಂದೆ ಬಂದವು. 1847ರಲ್ಲಿ ರೈಲ್ವೆ ಕಂಪನಿಗಳ ಒಕ್ಕೂಟವೇ ಎಲ್ಲರೂ ಗ್ರೀನಿಚ್ ಟೈಮ್ ಇಡಿ ಎಂದು ಶಿಫಾರಸು ಮಾಡಿತು. ಗ್ರೀನಿಚ್ ಅಂದರೆ ಲಂಡನ್ನಿನಲ್ಲಿ ಆಕಾಶ ನೋಡುವ ವೀಕ್ಷಣಾಲಯ ಇದ್ದ ಜಾಗ. ಲಂಡನ್ ಟೈಮ್ ಅಂದರೂ ಗ್ರೀನಿಚ್ ಟೈಮ್ ಅಂದರೂ ಒಂದೇ. 1852ರಿಂದ ಗ್ರೀನಿಚ್ ವೀಕ್ಷಣಾಲಯವೇ ಟೆಲಿಗ್ರಾಫ್ ತಂತಿಯ ಮೇಲೆ ಟೈಮ್ ಕಳಿಸಲು ಶುರುಮಾಡಿತು.

ಕಂಪನಿಯವರ ಕಷ್ಟವೂ ಸುಳ್ಳಲ್ಲ. ಸಿಂಗಲ್ ಲೈನಿನಲ್ಲಿ ಎದುರುಬದುರು ಗಾಡಿ ಬಿಡುವಾಗ ಯಾವ ಗಾಡಿ ಎಲ್ಲಿ ಎಷ್ಟು ಹೊತ್ತಿಗೆ ಕಾಯಬೇಕು ಅನ್ನುವುದು ಗಡಿಯಾರದ ಮೇಲೇ ನಿಂತಿರುತ್ತಿತ್ತು. 1853ರ ಆಗಸ್ಟ್ 12ರಂದು ಅಮೆರಿಕದ ರೋಡ್ ಐಲೆಂಡಿನ ವ್ಯಾಲಿ ಫಾಲ್ಸ್ ಹತ್ತಿರ ಎರಡು ರೈಲು ಮುಖಾಮುಖಿ ಗುದ್ದಿಕೊಂಡವು. 14 ಜನ ಸತ್ತರು. ಕಂಡಕ್ಟರನ ಗಡಿಯಾರ ನಿಧಾನ ಓಡುತ್ತಿತ್ತು. ಇಂಥದ್ದು ಒಂದು ಆದ ಮೇಲೆ, ನಮ್ಮೂರಿನ ಸೂರ್ಯ ನಮಗೆ ಸಾಕು ಅನ್ನುವುದು ಕಷ್ಟ, ಅಲ್ವಾ?

ಆದರೂ ಜನ ಹಾಗಂದರು.

ಎಕ್ಸೆಟರಿನ ದೊಡ್ಡ ಚರ್ಚಿನ ಮುಖ್ಯಸ್ಥರು ಗಡಿಯಾರ ಬದಲಿಸಲು ಒಪ್ಪಲಿಲ್ಲ. 1852ರವರೆಗೂ ಆ ಊರು ತನ್ನ ಹೊತ್ತನ್ನೇ ಇಟ್ಟುಕೊಂಡಿತ್ತು. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಟಾಮ್ ಎಂಬ ದೊಡ್ಡ ಗಂಟೆ ಇದೆ. ಅದು ರಾತ್ರಿ 9 ಗಂಟೆಗೆ 101 ಸಲ ಬಾರಿಸುತ್ತದೆ. ಆಕ್ಸ್‌ಫರ್ಡಿನ 9 ಗಂಟೆಗೆ! ನಮ್ಮ ಕೈಗಡಿಯಾರದಲ್ಲಿ ಆಗ 9 ಗಂಟೆ 5 ನಿಮಿಷ ಆಗಿರುತ್ತದೆ. ಇವತ್ತಿಗೂ ಹಾಗೇ.

ಡಾರ್ಚೆಸ್ಟರ್ ಊರಿನದು ಕೋರ್ಟಿನ ಕಥೆ. 1858ರಲ್ಲಿ ಅಲ್ಲೊಂದು ಕೇಸು 10 ಗಂಟೆಗೆ ನಿಗದಿಯಾಗಿತ್ತು. ಕೋರ್ಟಿನ ಗಡಿಯಾರ ಗ್ರೀನಿಚ್ ಟೈಮಿನದು. ಜಡ್ಜು ಸರಿಯಾಗಿ ಹತ್ತಕ್ಕೆ ಕೂತರು. ಪ್ರತಿವಾದಿ ಕಡೆಯವರು ಯಾರೂ ಇರಲಿಲ್ಲ. ವಾದಿಯ ಪರ ತೀರ್ಪು ಕೊಟ್ಟೇಬಿಟ್ಟರು. ಆಮೇಲೆ ಪ್ರತಿವಾದಿಯ ವಕೀಲರು ಬಂದರು. ಊರಿನ ಗಡಿಯಾರದಲ್ಲಿ ಆಗಷ್ಟೇ ಹತ್ತು ಗಂಟೆ. ಕೇಸು ಮೇಲಿನ ಕೋರ್ಟಿಗೆ ಹೋಯಿತು. ಅಲ್ಲಿ ಗೆದ್ದದ್ದು ಊರಿನ ಹೊತ್ತೇ! ಯಾವ ಊರಿನಲ್ಲಿ ಹತ್ತು ಗಂಟೆ ಅಂದರೋ ಆ ಊರಿನ ಹತ್ತು ಗಂಟೆಯೇ ಲೆಕ್ಕ ಅಂತ ತೀರ್ಪಾಯಿತು. ಆ ಹೊತ್ತಿಗೆ ದೇಶದ ಬಹುತೇಕ ಸಾರ್ವಜನಿಕ ಗಡಿಯಾರಗಳು ಗ್ರೀನಿಚ್ ಟೈಮ್ ತೋರಿಸುತ್ತಿದ್ದವು. ರೈಲು ಒಂದು ಹೊತ್ತು, ಕಾನೂನು ಇನ್ನೊಂದು ಹೊತ್ತು. ಪಾರ್ಲಿಮೆಂಟು ಕಾಯ್ದೆ ಮಾಡಿ ಇದನ್ನು ಸರಿಪಡಿಸಿದ್ದು 1880ರಲ್ಲಿ. ರೈಲ್ವೆ ಕಂಪನಿ ಲಂಡನ್ ಟೈಮ್ ಶುರುಮಾಡಿ 40 ವರ್ಷ ಆದ ಮೇಲೆ ಕಾನೂನು ಬಂತು.

ಈಗ ಬ್ರಿಸ್ಟಲ್‌ಗೆ ಬರೋಣ. ಅಲ್ಲಿ ಕಾರ್ನ್ ಸ್ಟ್ರೀಟ್ ಎಂಬ ಹಳೆಯ ಪೇಟೆ ಬೀದಿ ಇದೆ. ಧಾನ್ಯದ ವ್ಯಾಪಾರ ನಡೆಯುತ್ತಿದ್ದ ಎಕ್ಸ್‌ಚೇಂಜ್ ಕಟ್ಟಡ ಅಲ್ಲೇ ಇದೆ. ಮುಂದೆ ಕಂಚಿನ ನಾಲ್ಕು ಗುಂಡು ಮೇಜುಗಳು, ನಮ್ಮ ಸೊಂಟದ ಎತ್ತರ. ವ್ಯಾಪಾರಿಗಳು ಆ ಮೇಜಿನ ಮೇಲೇ ಲೇವಾದೇವಿ ಮುಗಿಸುತ್ತಿದ್ದರು. ತಲೆ ಎತ್ತಿದರೆ ಬಾಗಿಲ ಮೇಲ್ಗಡೆ ಗಡಿಯಾರ. 1822ರದು. ಮೊದಲು ನೋಡಿದಾಗ ಏನೋ ಕೆಟ್ಟಿದೆ ಅನ್ನಿಸುತ್ತದೆ. ಗಂಟೆಯ ಮುಳ್ಳು ಒಂದು, ನಿಮಿಷದ ಮುಳ್ಳು ಎರಡು. ಎರಡೂ ಒಂದರ ಹಿಂದೆ ಒಂದು, 10 ನಿಮಿಷದ ಅಂತರ ಬಿಡದೆ ಸುತ್ತುತ್ತವೆ. ಮುಂದಿನದು ಲಂಡನ್ ಟೈಮ್, ಹಿಂದಿನದು ಬ್ರಿಸ್ಟಲ್ ಟೈಮ್.

ಆ ಪೇಟೆಯವರ ದಿನ ಹೇಗಿತ್ತು ಅಂತ ಊಹಿಸಿಕೊಳ್ಳಿ. ರೈಲು ಹಿಡಿಯಬೇಕಾದರೆ ಒಂದು ಮುಳ್ಳು, ಊಟಕ್ಕೆ ಮನೆಗೆ ಹೋಗಬೇಕಾದರೆ ಇನ್ನೊಂದು. 1852ರ ಸೆಪ್ಟೆಂಬರಿನಲ್ಲಿ ಬ್ರಿಸ್ಟಲ್ ಕೂಡ ಲಂಡನ್ ಟೈಮಿಗೆ ಒಪ್ಪಿತು. ಆದರೆ ಎರಡನೇ ಮುಳ್ಳು ಇವತ್ತಿಗೂ ಅಲ್ಲೇ ಇದೆ. ನನಗೆ ಈ ಗಡಿಯಾರದ ಮೇಲೆ ಗೌರವ ಇದೆ. ಬದಲಾವಣೆ ಬಂದಾಗ ಜನ ಹೇಗೆ ಬದುಕುತ್ತಾರೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ವಸ್ತು ನನಗೆ ಗೊತ್ತಿಲ್ಲ. ಹಳೆಯದು ಒಂದು ರಾತ್ರಿಯಲ್ಲಿ ಹೋಗುವುದಿಲ್ಲ. ಎರಡನ್ನೂ ಒಂದೇ ಕಣ್ಣಿನಲ್ಲಿ ಓದುತ್ತಾ ಕೆಲವು ವರ್ಷ ನಡೆಯುತ್ತದೆ.

ಅಮೆರಿಕದಲ್ಲೂ ಇದೇ ಕಥೆ, ಇನ್ನೂ ದೊಡ್ಡ ಗೊಂದಲದೊಂದಿಗೆ. ಬಫಲೋ ಸ್ಟೇಷನ್ನಿನಲ್ಲಿ ಮೂರು ಗಡಿಯಾರ, ಮೂರರದ್ದೂ ಬೇರೆ ಬೇರೆ ಟೈಮ್. ಕೊನೆಗೆ 1883ರ ನವೆಂಬರ್ 18, ಭಾನುವಾರ, ರೈಲ್ವೆ ಕಂಪನಿಗಳೇ ಸೇರಿ ದೇಶವನ್ನು ಟೈಮಿನ ವಲಯಗಳಾಗಿ ಭಾಗ ಮಾಡಿದವು. ಕೆಲವು ಊರುಗಳಲ್ಲಿ ಆ ದಿನ ಮಧ್ಯಾಹ್ನ ಎರಡು ಸಲ ಆಯಿತು. ಅದಕ್ಕೆ ಅಲ್ಲಿನ ಸರ್ಕಾರ ಕಾನೂನಿನ ಮುದ್ರೆ ಒತ್ತಿದ್ದು 1918ರಲ್ಲಿ.

ಇಲ್ಲಿಯವರೆಗೆ ಹೇಳಿದ್ದು ಚರ್ಚು, ಕೋರ್ಟು, ವ್ಯಾಪಾರಿಗಳ ಮಾತು. ನನ್ನನ್ನು ಹೆಚ್ಚು ಕಾಡುವುದು ಗಿರಣಿ ಕೂಲಿಯವರ ಕಥೆ.

ಗಿರಣಿ ಬರುವ ಮೊದಲು ಮಗ್ಗದವರು, ಚಪ್ಪಲಿ ಹೊಲಿಯುವವರು, ಕಮ್ಮಾರರು ಕೆಲಸ ಇದ್ದಷ್ಟು ಹೊತ್ತು ದುಡಿಯುತ್ತಿದ್ದರು. ವಾರದ ಕೊನೆಗೆ ಹಗಲು ರಾತ್ರಿ ಒಂದು ಮಾಡಿ ಮುಗಿಸುತ್ತಿದ್ದರು. ಸೋಮವಾರ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಆ ಸೋಮವಾರಕ್ಕೆ ‘ಸೇಂಟ್ ಮಂಡೇ’ ಅಂತ ಹೆಸರು, ಸಂತರೊಬ್ಬರ ಹಬ್ಬವೋ ಎಂಬಂತೆ. ಗಿರಣಿಯಲ್ಲಿ ಇದು ನಡೆಯುವುದಿಲ್ಲ. ಉಗಿಯಂತ್ರ ಹೊತ್ತಿಸಿದ ಮೇಲೆ ನೂರಾರು ಜನ ಒಟ್ಟಿಗೆ ನಿಂತಿರಬೇಕು. ಮನೆಯಲ್ಲಿ ಗಡಿಯಾರ ಇಲ್ಲದವರನ್ನು ಎಬ್ಬಿಸಲೆಂದೇ ಒಂದು ಕಸುಬು ಹುಟ್ಟಿಕೊಂಡಿತು. ಉದ್ದದ ಕೋಲು ಹಿಡಿದು ಬೆಳಗಿನ ಜಾವ ಬೀದಿಬೀದಿ ಸುತ್ತಿ, ಮಹಡಿಯ ಕಿಟಕಿ ಬಡಿದು, ಒಳಗಿನವರು ಎದ್ದರು ಅಂತ ಖಾತ್ರಿ ಮಾಡಿಕೊಂಡು ಮುಂದಿನ ಮನೆಗೆ ಹೋಗುವವರು. ಅವರಿಗೆ ವಾರಕ್ಕಿಷ್ಟು ಅಂತ ಪುಡಿಗಾಸು.

ಸರಿ, ಎದ್ದು ಗಿರಣಿಗೆ ಹೋದರು. ಅಲ್ಲಿನ ಗಡಿಯಾರ ಯಾರದು? ಮಾಲೀಕನದು. ಸ್ಕಾಟ್ಲೆಂಡಿನ ಡಂಡೀ ಊರಿನ ಗಿರಣಿಗಳಲ್ಲಿ ಹುಡುಗನಾಗಿ ದುಡಿದವನೊಬ್ಬನ ನೆನಪುಗಳು 1850ರಲ್ಲಿ ಅಚ್ಚಾದವು. ಗಡಿಯಾರವನ್ನು ಬೆಳಿಗ್ಗೆ ಮುಂದಕ್ಕೆ ತಿರುಗಿಸುತ್ತಿದ್ದರು, ರಾತ್ರಿ ಹಿಂದಕ್ಕೆ ತಿರುಗಿಸುತ್ತಿದ್ದರು ಅಂತ ಅದರಲ್ಲಿ ಇದೆ. ಕೂಲಿಯವರಿಗೆ ಅದು ಗೊತ್ತಿತ್ತು. ಆದರೆ ಸ್ವಂತ ಗಡಿಯಾರ ಇಟ್ಟುಕೊಳ್ಳಲು ಹೆದರುತ್ತಿದ್ದರು. ಗಡಿಯಾರದ ಲೆಕ್ಕ ಜಾಸ್ತಿ ತಿಳಿದವನು ಕೆಲಸ ಕಳೆದುಕೊಳ್ಳುವುದು ಅಪರೂಪವಾಗಿರಲಿಲ್ಲ. ಯೋಚನೆ ಮಾಡಿ. ಹತ್ತು ವರ್ಷದ ಮಗು ಕತ್ತಲಲ್ಲಿ ಎದ್ದು ಬಂದು ಕತ್ತಲಲ್ಲಿ ಮನೆಗೆ ಹೋಗುತ್ತದೆ. ನಡುವೆ ಕದ್ದ ಅರ್ಧ ಗಂಟೆಯನ್ನು ಅದು ಯಾರಿಗೆ ತೋರಿಸಬೇಕು? ಸೂರ್ಯನನ್ನು ನೋಡೋಣ ಅಂದರೆ ಒಳಗೆ ಸೂರ್ಯ ಇಲ್ಲ.

1844ರ ಫ್ಯಾಕ್ಟರಿ ಕಾಯ್ದೆಯಲ್ಲಿ ಒಂದು ಸಣ್ಣ ಕಲಮು ಇದೆ. ಅದನ್ನು ಮೊದಲ ಸಲ ಓದಿದಾಗ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಗಿರಣಿಯ ಕೆಲಸದ ಹೊತ್ತನ್ನು ಸಾರ್ವಜನಿಕ ಗಡಿಯಾರದ ಪ್ರಕಾರವೇ ಎಣಿಸಬೇಕು, ಗಿರಣಿಯ ಗಡಿಯಾರ ಅದಕ್ಕೆ ಹೊಂದಿಕೆಯಾಗಿರಬೇಕು ಅಂತ ಅದು ಹೇಳುತ್ತದೆ. ಸಾರ್ವಜನಿಕ ಗಡಿಯಾರ ಅಂದರೆ ಹತ್ತಿರದ ರೈಲ್ವೆ ಗಡಿಯಾರ ಇದ್ದ ಹಾಗೆ! ಊರಿನ ಹೊತ್ತನ್ನು ಕಿತ್ತುಕೊಂಡ ಅದೇ ರೈಲ್ವೆ ಗಡಿಯಾರ ಇಲ್ಲಿ ಕೂಲಿಯವರ ಪರ ಸಾಕ್ಷಿಯಾಗಿ ನಿಂತಿತು. ಮೂರು ವರ್ಷದ ಮೇಲೆ, 1847ರಲ್ಲಿ, ಹೆಂಗಸರಿಗೂ ಎಳೆಯರಿಗೂ ದಿನಕ್ಕೆ 10 ಗಂಟೆ ಮಾತ್ರ ಕೆಲಸ ಅಂತ ಇನ್ನೊಂದು ಕಾಯ್ದೆ ಬಂತು. ಆ ಹತ್ತು ಗಂಟೆಯನ್ನು ಮಾಲೀಕನ ಜೇಬಿನ ಗಡಿಯಾರದಲ್ಲಿ ಎಣಿಸಿದ್ದರೆ ಕಾಯ್ದೆಗೆ ಏನು ಬೆಲೆ ಇರುತ್ತಿತ್ತು? ಎಲ್ಲರೂ ಕತ್ತೆತ್ತಿ ನೋಡಬಹುದಾದ ಕಡೆ ಗಡಿಯಾರ ನೇತಾಡುತ್ತಿದ್ದರಿಂದಲೇ ಅದಕ್ಕೆ ಜೀವ ಬಂತು.

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇದನ್ನೇ. ಯಂತ್ರ ಎಷ್ಟು ನಿಖರ ಅಂತ ನಾವು ಬೆರಗಾಗುತ್ತೇವೆ. ಅದನ್ನು ಎಲ್ಲಿ ನೇತುಹಾಕಿದ್ದಾರೆ, ಕೀ ಯಾರ ಕೈಲಿದೆ ಅಂತ ಕೇಳುವುದು ಕಮ್ಮಿ. ಎಕ್ಸೆಟರಿನವರು, ಬ್ರಿಸ್ಟಲ್ಲಿನವರು ಹಟ ಹಿಡಿದಾಗ ಅವರನ್ನು ಹಿಂದುಳಿದವರು ಅಂತ ನಕ್ಕವರಿದ್ದರು. ನನಗೆ ಹಾಗನ್ನಿಸುವುದಿಲ್ಲ. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ನಮ್ಮ ಹೊತ್ತನ್ನು ಬದಲಿಸುವ ಮೊದಲು ನಮ್ಮನ್ನು ಯಾರು ಕೇಳಿದರು?

ಟೈಮನ್ನು ಮನೆಮನೆಗೆ ಹೊತ್ತು ತಲುಪಿಸಿದ ಒಂದು ಕುಟುಂಬದ ಬಗ್ಗೆ ಹೇಳದಿದ್ದರೆ ಈ ಕಥೆ ಪೂರ್ತಿ ಆಗುವುದಿಲ್ಲ. ಜಾನ್ ಹೆನ್ರಿ ಬೆಲ್ವಿಲ್ ಗ್ರೀನಿಚ್ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದವರು. ಅವರ ಹತ್ತಿರ ಜಾನ್ ಅರ್ನಾಲ್ಡ್ ತಯಾರಿಸಿದ ಒಂದು ಜೇಬಿನ ಗಡಿಯಾರ ಇತ್ತು. ಮೊದಲು ರಾಜಮನೆತನದ ಸಸೆಕ್ಸ್ ಡ್ಯೂಕರಿಗೆಂದು ಮಾಡಿದ್ದು. ಕಳ್ಳರ ಭಯಕ್ಕೆ ಅದರ ಚಿನ್ನದ ಕವಚ ತೆಗೆಸಿ ಬೆಳ್ಳಿಯದು ಹಾಕಿಸಿದ್ದರು. 1836ರಿಂದ ಅವರು ಅದನ್ನು ಗ್ರೀನಿಚ್ಚಿನ ಗಡಿಯಾರಕ್ಕೆ ಹೊಂದಿಸಿಕೊಂಡು, ಲಂಡನ್ನಿನ ಗಡಿಯಾರದಂಗಡಿಗಳಿಗೆ ಹೋಗಿ ತೋರಿಸಿ ಬರುತ್ತಿದ್ದರು. ವರ್ಷಕ್ಕಿಷ್ಟು ಚಂದಾ. 1856ರಲ್ಲಿ ಅವರು ತೀರಿಕೊಂಡ ಮೇಲೆ ಹೆಂಡತಿ ಮರಿಯಾ ಇದನ್ನು ಮುಂದುವರಿಸಿದರು. ಅವರಿಗೆ ವಯಸ್ಸಾದ ಮೇಲೆ, 1892ರಿಂದ, ಮಗಳು ರೂತ್.

ರೂತ್ ಬೆಲ್ವಿಲ್ ಗ್ರೀನಿಚ್ಚಿನ ಗುಡ್ಡ ಹತ್ತಿ ಹೋಗುತ್ತಿದ್ದರು. ಗಡಿಯಾರವನ್ನು ಅಲ್ಲಿನವರ ಕೈಗೆ ಕೊಡುತ್ತಿದ್ದರು. ಇಷ್ಟು ಸೆಕೆಂಡ್ ಮುಂದಿದೆ, ಇಷ್ಟು ಹಿಂದಿದೆ ಅಂತ ಬರೆದ ಚೀಟಿ ಪಡೆಯುತ್ತಿದ್ದರು. ಆಮೇಲೆ ಇಡೀ ದಿನ ಲಂಡನ್ ಬೀದಿಗಳಲ್ಲಿ ನಡಿಗೆ. ಗಡಿಯಾರಕ್ಕೆ ಅವರು ಇಟ್ಟ ಹೆಸರು ಅರ್ನಾಲ್ಡ್. 1908ರಲ್ಲಿ, ತಂತಿಯ ಮೇಲೆ ಟೈಮ್ ಮಾರುವ ಕಂಪನಿಯ ಅಧಿಕಾರಿಯೊಬ್ಬ ಭಾಷಣ ಮಾಡಿ ಇವರ ಕೆಲಸವನ್ನು ಹೀಯಾಳಿಸಿದ. ಹೆಂಗಸು ಅನ್ನುವ ಕಾರಣಕ್ಕೇ ಒಳಗೆ ಬಿಡುತ್ತಾರೆ ಅನ್ನುವ ಧಾಟಿಯಲ್ಲಿ ಮಾತಾಡಿದ. ಅದು ಪೇಪರಿನಲ್ಲಿ ಬಂತು. ಪರಿಣಾಮ ಏನಾಯಿತು ಅಂದರೆ, ಅವರ ಗಿರಾಕಿಗಳು ಇನ್ನೂ ಜಾಸ್ತಿಯಾದರು. 1924ರಲ್ಲಿ ಬಿಬಿಸಿ ರೇಡಿಯೋ ಗಂಟೆಗಂಟೆಗೆ ಟೈಮಿನ ಬೀಪ್ ಶುರುಮಾಡಿತು. 1936ರಲ್ಲಿ ಫೋನ್ ಎತ್ತಿ ಟೈಮ್ ಕೇಳುವ ಸೌಲಭ್ಯ ಬಂತು. ಆಗಲೂ ರೂತ್ ನಡೆಯುತ್ತಲೇ ಇದ್ದರು. ಅವರು ನಿಲ್ಲಿಸಿದ್ದು 1940ರಲ್ಲಿ, ಯುದ್ಧದ ನಡುವೆ, 86ನೇ ವಯಸ್ಸಿನಲ್ಲಿ.

ಲೋಕಕ್ಕೆಲ್ಲ ಗ್ರೀನಿಚ್ ಲೆಕ್ಕವಾದದ್ದು 1884ರ ಅಕ್ಟೋಬರಿನಲ್ಲಿ, ವಾಷಿಂಗ್ಟನ್ನಿನ ಸಮ್ಮೇಳನದಲ್ಲಿ. 22 ದೇಶ ಒಪ್ಪಿದವು. ಫ್ರಾನ್ಸ್ ಮತ ಹಾಕಲಿಲ್ಲ. 1911ರಲ್ಲಿ ಅವರೂ ಒಪ್ಪಿಕೊಂಡರು, ಆದರೆ ಕಾನೂನಿನಲ್ಲಿ ಗ್ರೀನಿಚ್ ಅನ್ನುವ ಪದ ಬಳಸಲಿಲ್ಲ. ಪ್ಯಾರಿಸ್ ಟೈಮಿನಿಂದ 9 ನಿಮಿಷ 21 ಸೆಕೆಂಡ್ ಕಳೆದರೆ ಬರುವುದೇ ಫ್ರಾನ್ಸಿನ ಟೈಮ್ ಅಂತ ಬರೆದುಕೊಂಡರು. ನಮ್ಮ ದೇಶದಲ್ಲಿ ರೈಲುಗಳು ಮೊದಲು ಮದ್ರಾಸ್ ಟೈಮಿನಲ್ಲಿ ಓಡಿದವು. 1906ರ ಜನವರಿ 1ರಿಂದ ಈಗಿನ ಭಾರತೀಯ ಟೈಮ್ ಬಂತು. ಆದರೆ ಕಲ್ಕತ್ತಾ 1948ರವರೆಗೆ, ಮುಂಬೈ 1955ರವರೆಗೆ ತಮ್ಮ ಟೈಮ್ ಇಟ್ಟುಕೊಂಡಿದ್ದವು. ಬೆಂಗಳೂರಿನ ಸೂರ್ಯ ಇವತ್ತಿಗೂ ನಮ್ಮ ಗಡಿಯಾರಕ್ಕಿಂತ ಸರಾಸರಿ 20 ನಿಮಿಷ ಹಿಂದಿದ್ದಾನೆ.

ಈಗಂತೂ ಸೂರ್ಯನ ಸಂಬಂಧವೇ ಕಡಿದುಹೋಗಿದೆ. 1967ರಿಂದ ಒಂದು ಸೆಕೆಂಡ್ ಅಂದರೆ ಸೀಸಿಯಂ ಪರಮಾಣುವಿನ 919 ಕೋಟಿ 26 ಲಕ್ಷ 31 ಸಾವಿರದ 770 ಮಿಡಿತ. ನಮ್ಮ ಮೊಬೈಲಿನಲ್ಲಿ ಕಾಣುವ ಟೈಮ್ ಅಂಥ ಗಡಿಯಾರಗಳಿಂದ ಬರುತ್ತದೆ. ಇದರಲ್ಲಿ ನನಗೆ ದೂರು ಇಲ್ಲ. ಎಲ್ಲರಿಗೂ ಒಂದೇ ಕಾಣುತ್ತದಲ್ಲ.

ನನ್ನ ಚಿಂತೆ ಬೇರೆ ಗಡಿಯಾರದ್ದು. ಅಮೆರಿಕದ ದೊಡ್ಡ ದೊಡ್ಡ ಗೋದಾಮುಗಳಲ್ಲಿ ಕೆಲಸದವರ ಕೈಯಲ್ಲಿ ಸ್ಕ್ಯಾನರ್ ಇರುತ್ತದೆ. ಒಂದು ಪೆಟ್ಟಿಗೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಸೆಕೆಂಡ್ ಹೋಯಿತು ಅಂತ ಅದು ಎಣಿಸುತ್ತದೆ. ನೀರು ಕುಡಿಯಲು ಹೋದದ್ದೂ, ಬಚ್ಚಲಿಗೆ ಹೋದದ್ದೂ ಲೆಕ್ಕಕ್ಕೆ ಬರುತ್ತದೆ. ಎಷ್ಟು ಪೆಟ್ಟಿಗೆ ಆಗಬೇಕು ಅನ್ನುವ ಲೆಕ್ಕ ಮಾಲೀಕರ ಕಂಪ್ಯೂಟರಿನಲ್ಲಿ ಇರುತ್ತದೆ. 2021ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೊಂದು ಕಾನೂನು ಮಾಡಿತು. ಆ ಲೆಕ್ಕವನ್ನು ಕೆಲಸದವರಿಗೆ ಬರಹದಲ್ಲಿ ಕೊಡಬೇಕು, ಊಟಕ್ಕೆ, ವಿರಾಮಕ್ಕೆ, ಬಚ್ಚಲಿಗೆ ಹೋಗಲು ಅಡ್ಡಿಯಾಗುವಂಥ ಲೆಕ್ಕ ಇಡಬಾರದು ಅಂತ. ಅದನ್ನು ಓದುವಾಗ ನನಗೆ ಡಂಡೀಯ ಆ ಹುಡುಗನೇ ಕಣ್ಣ ಮುಂದೆ ಬಂದ.

ಇಷ್ಟು ಹೇಳಿ ನಾನು ಕೂತೆ. ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತರು. ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದವರು.

“ಸಾರ್, ಗ್ರೀನಿಚ್ಚಿನಿಂದ ತಂತಿ ಮೇಲೆ ಟೈಮ್ ಬರ್ತಿತ್ತು ಅಂದ್ರಲ್ಲ, ನಮಗೂ ಬರ್ತಿತ್ತು” ಅಂದರು. “ದಿನಾ ಸಾಯಂಕಾಲ 16 ಗಂಟೆಗೆ. ನಮ್ಮಲ್ಲಿ ನಾಲ್ಕು ಗಂಟೆ ಅನ್ನೋ ಹಾಗಿಲ್ಲ, 16 ಅಂತಲೇ ಅನ್ನಬೇಕು. ಕಂಟ್ರೋಲ್ ಫೋನಿನಲ್ಲಿ ಎಲ್ಲ ಸ್ಟೇಷನ್ನಿನವರೂ ಕಿವಿಗಿಟ್ಟುಕೊಂಡು ಕಾಯ್ತಾ ಇರ್ತಿದ್ವಿ. ಟೈಮ್ ಕೊಟ್ಟ ಕೂಡಲೇ ಗೋಡೆ ಗಡಿಯಾರ ಸರಿಮಾಡಿ ಡೈರಿಯಲ್ಲಿ ಬರೀಬೇಕು. ಮಳೆ ಬರಲಿ, ಗಾಡಿ ನಿಂತಿರಲಿ, ಅದನ್ನ ತಪ್ಪಿಸೋ ಹಾಗಿರಲಿಲ್ಲ.”

ಆ ಗಡಿಯಾರ ಎಲ್ಲಿರುತ್ತಿತ್ತು ಅಂತ ಕೇಳಿದೆ.

“ಒಂದು ನನ್ನ ರೂಮಲ್ಲಿ. ಇನ್ನೊಂದು ಪ್ಲಾಟ್‌ಫಾರ್ಮ್ ಕಡೆಗೆ, ಹೊರಗೆ” ಅಂದರು. “ಹಾಲಿನ ಕ್ಯಾನ್ ತರೋರು, ಸ್ಕೂಲ್ ಹುಡುಗರು, ಎಲ್ಲ ಅದನ್ನ ನೋಡ್ಕೊಂಡೇ ಓಡ್ತಿದ್ರು. ಒಂದು ದಿನ ನಿಂತು ಹೋದರೆ ಮೊದಲು ಬಂದು ನನ್ನ ಬೈತಿದ್ದೋರೇ ಅವರು.”